22 ವರ್ಷಗಳ ಹಿಂದೆ ಹೊಸದಾಗಿ ಹುಟ್ಟಿದವನ ಕೈ ಇನ್ನೂ ಏಕೆ ಏಳುತ್ತದೆ?

ಮಲಪ್ರಭೆ (ಚರ್ಚೆ ಆರಂಭಿಸಿದವರು), ಸೋಮವಾರ ರಾತ್ರಿ 10:15

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ನನಗೆ ಈಗ 41 ವರ್ಷ. ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವನು, ಸಭೆಯಲ್ಲೇ ಬೆಳೆದವನು. 19ನೆಯ ವಯಸ್ಸಿನಲ್ಲಿ ಯುವಜನರ ಶಿಬಿರವೊಂದರಲ್ಲಿ ಮೊಣಕಾಲೂರಿ ನನ್ನ ಜೀವನವನ್ನು ಯೇಸುವಿಗೆ ಒಪ್ಪಿಸಿಕೊಟ್ಟೆ. ಇದನ್ನೇ ನಾವು ಹೊಸದಾಗಿ ಹುಟ್ಟುವುದು ಎನ್ನುತ್ತೇವೆ. ಅದು ಕ್ಷಣದ ಭಾವಾವೇಶವಾಗಿರಲಿಲ್ಲ. ಕುಡಿತ ಬಿಟ್ಟಿತು, ಬಾಯಲ್ಲಿದ್ದ ಸುಳ್ಳು ಬಿಟ್ಟಿತು, ಸತ್ಯವೇದ ಓದುವ ಹಸಿವು ಹುಟ್ಟಿತು, ಮತ್ತು ಆ ಹಸಿವು ಇವತ್ತಿಗೂ ಇದೆ.

ಆದರೆ ಮೊನ್ನೆ ಶನಿವಾರ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹನ್ನೊಂದು ವರ್ಷದ ಮಗನ ಕೈ ತಗುಲಿ ನೀರಿನ ತಂಬಿಗೆ ಉರುಳಿ, ಪಕ್ಕದಲ್ಲಿ ನಾನು ಇಟ್ಟುಕೊಂಡಿದ್ದ ಕಚೇರಿಯ ಕಾಗದಗಳೆಲ್ಲ ತೊಯ್ದುಹೋದವು. ಅವನು ಬೇಕೆಂದು ಮಾಡಿದ್ದಲ್ಲ. ನಾನು ಎದ್ದವನೇ ಅವನ ಕೆನ್ನೆಗೆ ಹೊಡೆದೆ. ಒಂದಲ್ಲ, ಮೂರು ಏಟು. ಅವನು ಅಳಲಿಲ್ಲ. ನೆಲಕ್ಕೆ ಕುಳಿತು ಒದ್ದೆ ಕಾಗದಗಳನ್ನು ಒಂದೊಂದಾಗಿ ಎತ್ತಿ ತನ್ನ ಅಂಗಿಯ ಚುಂಗಿನಿಂದ ಒರೆಸತೊಡಗಿದ.

ಮರುದಿನ ಆರಾಧನೆಯಲ್ಲಿ ಪಾಠ ಓದುವ ಸರದಿ ನನ್ನದಾಗಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆ, ಏಳನೆಯ ಅಧ್ಯಾಯ. ಮಾಡಬೇಕೆಂದಿರುವುದನ್ನು ಮಾಡದೆ ಹೇಸುವುದನ್ನೇ ಮಾಡುತ್ತೇನೆ ಎಂದು ಪೌಲನು ಹೇಳುವ ಕಡೆ ಬಂದಾಗ ಮೂರನೆಯ ಸಾಲಿನಲ್ಲಿ ಕುಳಿತಿದ್ದ ಮಗನ ಕೆನ್ನೆ ಕಣ್ಣಿಗೆ ಬಿತ್ತು, ನನ್ನ ಸ್ವರ ನಿಂತುಹೋಯಿತು. ವಚನ ನನ್ನ ಮನ ಮುಟ್ಟಿತೆಂದು ಸಭೆಯವರು ತಿಳಿದುಕೊಂಡರು. ಆರಾಧನೆ ಮುಗಿದ ಮೇಲೆ ಇಬ್ಬರು ಬಂದು ಕೈ ಕುಲುಕಿದರು.

ಕೆಲವು ತಿಂಗಳ ಹಿಂದೆ ಒಂದು ಕೂಟದಲ್ಲಿ ಬೋಧಕರೊಬ್ಬರು, ಹುಟ್ಟಿದ ಮೇಲೂ ಹಳೆಯ ಕೋಪ ಉಳಿದಿದ್ದರೆ ನೀನು ಹುಟ್ಟಿಯೇ ಇಲ್ಲ ಎಂದು ಹೇಳಿದ್ದರು. ಆ ಮಾತು ಈಗ ಬಿಡದೆ ಕಾಡುತ್ತಿದೆ. ನನ್ನ ಪ್ರಶ್ನೆ ಇಷ್ಟೇ: 22 ವರ್ಷಗಳ ಹಿಂದೆ ನನ್ನಲ್ಲಿ ನಡೆದದ್ದು ಹೊಸ ಜನ್ಮವೇ ಹೌದಾದರೆ, ಶನಿವಾರ ರಾತ್ರಿ ಎದ್ದ ಈ ಕೈ ಯಾರದು?

ಬಾಲಬೋಧಕಿ, ರಾತ್ರಿ 10:31

ಸಹೋದರರೇ, ಮಗನ ಹತ್ತಿರ ಕ್ಷಮೆ ಕೇಳಿದಿರಾ? ನೀವು ಬರೆದದ್ದರಲ್ಲಿ ಅದು ಕಾಣಲಿಲ್ಲ.

ಎಚ್ಚರದ ದೀಪ, ರಾತ್ರಿ 10:52

ಪ್ರೀತಿಯಿಂದಲೇ ಬರೆಯುತ್ತೇನೆ, ಆದರೆ ಮೆತ್ತಗೆ ಬರೆಯಲಾರೆ. ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ, ದೇವರ ಬೀಜ ಅವನಲ್ಲಿ ನೆಲೆಸಿರುವುದರಿಂದ ಅವನು ಪಾಪ ಮಾಡಲಾರನು ಎಂದು ಯೋಹಾನನ ಮೊದಲನೆಯ ಪತ್ರಿಕೆಯ 3:9 ಸ್ಪಷ್ಟವಾಗಿ ಹೇಳುತ್ತದೆ. ಇದು ಆ ಬೋಧಕರ ಮಾತಲ್ಲ, ಅಪೊಸ್ತಲನ ಮಾತು. ನಾವು ಇಂದು ನಮ್ಮ ಸೋಲುಗಳಿಗೆ ತಕ್ಕಂತೆ ವಚನವನ್ನು ಕತ್ತರಿಸಿಕೊಳ್ಳುತ್ತಿದ್ದೇವೆ. ಕುಡಿತ ಬಿಟ್ಟದ್ದು, ಓದುವ ಹಸಿವು ಹುಟ್ಟಿದ್ದು ಒಳ್ಳೆಯದೇ, ಆದರೆ ಅವು ಹೊಸ ಜನ್ಮವಿಲ್ಲದವರಲ್ಲೂ ಕಾಣಸಿಗುತ್ತವೆ. ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿರಿ ಎಂದು ಕೊರಿಂಥದವರಿಗೆ ಪೌಲನು ಬರೆದದ್ದು ವಿಶ್ವಾಸಿಗಳೆಂದು ಹೇಳಿಕೊಳ್ಳುತ್ತಿದ್ದವರಿಗೇ ಅಲ್ಲವೇ? ಈ ನೋವಿನಲ್ಲಿ ನಿಮಗೆ ಅಗ್ಗದ ಸಮಾಧಾನ ಕೊಡುವವರು ನಿಮ್ಮ ಸ್ನೇಹಿತರಲ್ಲ.

ಸೆಮಿನರಿಯ ಹುಡುಗ, ರಾತ್ರಿ 11:20

ಎಚ್ಚರದ ದೀಪ ಅಣ್ಣನವರೇ, ಅದೇ ಪತ್ರಿಕೆಯ 1:8 ಅನ್ನೂ ಅಷ್ಟೇ ಸ್ಪಷ್ಟವಾಗಿ ಓದಬೇಕಲ್ಲವೇ? ನಮ್ಮಲ್ಲಿ ಪಾಪವಿಲ್ಲವೆಂದು ಹೇಳಿದರೆ ನಮ್ಮನ್ನು ನಾವೇ ಮೋಸಪಡಿಸಿಕೊಳ್ಳುತ್ತೇವೆ ಎಂದು ಅಲ್ಲಿದೆ. ಅದನ್ನು ಬರೆದವನು ತನ್ನನ್ನೂ ಸೇರಿಸಿಕೊಂಡು ‘ನಾವು’ ಎನ್ನುತ್ತಾನೆ. 2:1ರಲ್ಲಿ ನೀವು ಪಾಪ ಮಾಡಬಾರದೆಂದು ಇದನ್ನು ಬರೆಯುತ್ತೇನೆ ಎಂದು ಹೇಳಿ, ಒಡನೆಯೇ, ಯಾವನಾದರೂ ಪಾಪ ಮಾಡಿದರೆ ತಂದೆಯ ಬಳಿ ನಮಗೊಬ್ಬ ಸಹಾಯಕನಿದ್ದಾನೆ ಎನ್ನುತ್ತಾನೆ. ಪಾಪ ಮಾಡಲಾರದವರಿಗೆ ಸಹಾಯಕನೇಕೆ?

3:9ರ ಬಗ್ಗೆ ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ, ಮೂಲ ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದವು ವರ್ತಮಾನಕಾಲದ್ದು. ಅದು ಎಡವಿ ಬೀಳುವುದನ್ನಲ್ಲ, ಪಾಪದಲ್ಲೇ ನಡೆಯುತ್ತ ಹೋಗುವುದನ್ನು ಸೂಚಿಸುತ್ತದೆ ಎನ್ನುವುದು. ಈ ವಿವರಣೆಯಲ್ಲಿ ಹುರುಳಿದೆ. ಆದರೆ ಅದರ ಮೇಲೆಯೇ ಪೂರ್ತಿ ಭಾರ ಹಾಕಬಾರದೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅದೇ ಪತ್ರಿಕೆಯ 5:16ರಲ್ಲಿ, ಮರಣಕರವಲ್ಲದ ಪಾಪ ಮಾಡುತ್ತಿರುವ ‘ಸಹೋದರ’ನನ್ನು ಕಂಡರೆ ಅವನಿಗಾಗಿ ಪ್ರಾರ್ಥಿಸಬೇಕು ಎಂಬಲ್ಲಿಯೂ ಕಾಲರೂಪ ವರ್ತಮಾನದ್ದೇ. ಅಂದರೆ ಯೋಹಾನನು ಎರಡೂ ಮಾತುಗಳನ್ನು ಬೇಕೆಂದೇ ಎದುರುಬದುರು ನಿಲ್ಲಿಸಿದ್ದಾನೆ. ಒಂದನ್ನು ಹಿಡಿದು ಇನ್ನೊಂದನ್ನು ಹೊಡೆಯುವುದು ಅವನ ಉದ್ದೇಶವಾಗಿರಲಾರದು.

ಎಚ್ಚರದ ದೀಪ, ರಾತ್ರಿ 11:34

5:16 ಅನ್ನು ನಾನು ಹಾಗೆ ಗಮನಿಸಿರಲಿಲ್ಲ, ಒಪ್ಪುತ್ತೇನೆ. ಆದರೂ 3:9 ಇದ್ದಲ್ಲೇ ಇದೆ. ಸಹಾಯಕನಿದ್ದಾನೆಂಬುದು ಬಿದ್ದವನಿಗೆ ಹೇಳಿದ ಮಾತೇ ಹೊರತು ಬೀಳುವುದನ್ನು ರೂಢಿ ಮಾಡಿಕೊಂಡವನಿಗಲ್ಲ.

ಹಳೆ ಮೈಸೂರಿನವಳು, ಮಂಗಳವಾರ ಬೆಳಿಗ್ಗೆ 6:10

ನಾನು ಕಥೋಲಿಕಳು. ಸ್ನಾನದೀಕ್ಷೆಯಲ್ಲಿಯೇ ನಾವು ನೀರಿನಿಂದಲೂ ಪವಿತ್ರಾತ್ಮರಿಂದಲೂ ಹೊಸದಾಗಿ ಹುಟ್ಟುತ್ತೇವೆ ಎಂಬುದು ನಮ್ಮ ನಂಬಿಕೆ. ಆದ್ದರಿಂದ ‘ನಾನು ಹುಟ್ಟಿದ್ದೇನೋ ಇಲ್ಲವೋ’ ಎಂಬ ಪ್ರಶ್ನೆ ನಮ್ಮನ್ನು ನಿಮ್ಮಷ್ಟು ಕಾಡುವುದಿಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಹುಟ್ಟಿದವರು ಏಕೆ ಹೀಗೆ ಬದುಕುತ್ತಿದ್ದೇವೆ?

1546ರಲ್ಲಿ ನಮ್ಮ ಸಭೆಯ ಬಿಷಪರು ಕೂಡಿದ ಟ್ರೆಂಟ್ ಮಹಾಸಭೆ ಈ ವಿಷಯವನ್ನು ಎತ್ತಿಕೊಂಡಿತು. ಸ್ನಾನದೀಕ್ಷೆಯಲ್ಲಿ ಪಾಪ ನಿಜವಾಗಿಯೂ ತೊಲಗುತ್ತದೆ, ಆದರೆ ಪಾಪದ ಕಡೆಗೆ ವಾಲುವ ಒಲವು ಉಳಿಯುತ್ತದೆ. ಅದು ಪಾಪದಿಂದ ಬಂದದ್ದು, ಪಾಪಕ್ಕೆ ಎಳೆಯುವಂಥದ್ದು, ಆದರೆ ಅದೇ ಪಾಪವಲ್ಲ ಎಂದು ಹೇಳಿತು. ಆ ಒಲವನ್ನು ಉಳಿಸಿರುವುದು ಹೋರಾಟಕ್ಕಾಗಿ, ಸಮ್ಮತಿಸದೆ ಕ್ರಿಸ್ತರ ಕೃಪೆಯಿಂದ ಎದುರಿಸುವವರಿಗೆ ಅದು ಕೇಡು ಮಾಡಲಾರದು ಎಂಬ ಮಾತೂ ಅಲ್ಲಿದೆ. ‘ಹೋರಾಟಕ್ಕಾಗಿ’ ಎಂಬ ಆ ಒಂದು ಪದ ನನ್ನನ್ನು ಎಷ್ಟೋ ಸಲ ನಿಲ್ಲಿಸಿ ಹಿಡಿದಿದೆ.

ಪ್ರತಿ ತಿಂಗಳು ಪಾಪನಿವೇದನೆಗೆ ಹೋದಾಗಲೂ ನಾನು ಹೇಳುವುದು ಬಹುಪಾಲು ಅದೇ ಪಾಪವನ್ನೇ: ಅತ್ತೆಯವರೊಡನೆ ಆಡುವ ಕಟುಮಾತು. ಒಮ್ಮೆ ನಾಚಿಕೆಯಿಂದ, ಸ್ವಾಮಿ, ಹೊಸದೇನೂ ಇಲ್ಲ, ಹೋದ ತಿಂಗಳಿನದೇ ಎಂದೆ. ಆ ವೃದ್ಧ ಗುರುಗಳು, ಹೊಸ ಪಾಪ ಬೇಕೇನಮ್ಮಾ, ಹಳೆಯದನ್ನೇ ನಿಜವಾಗಿ ಹೇಳು, ಹೋದ ತಿಂಗಳು ಯಾವ ದಿನ, ಯಾವ ಮಾತು ಎಂದರು. ಆ ದಿನ ಮೊದಲ ಬಾರಿಗೆ ನಾನು ಆಡಿದ ವಾಕ್ಯವನ್ನು ಇದ್ದ ಹಾಗೆಯೇ ಬಾಯಿಬಿಟ್ಟು ಹೇಳಿದೆ. ಹೇಳುವಾಗ ಅದು ಎಷ್ಟು ಕ್ರೂರವಾಗಿತ್ತೆಂದು ನನ್ನ ಕಿವಿಗೇ ಕೇಳಿಸಿತು. ಮಲಪ್ರಭೆಯವರು ಮೂರು ಏಟು ಎಂದು ಎಣಿಸಿ ಬರೆದಿರುವುದನ್ನು ಓದಿದಾಗ ನನಗೆ ಅದೇ ನೆನಪಾಯಿತು.

ಬಲ್ಮಠದ ಮೊಮ್ಮಗ, ಬೆಳಿಗ್ಗೆ 8:02

ನಮ್ಮ ಕಡೆಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕೆನಿಸಿತು, ಏಕೆಂದರೆ ಈ ಪ್ರಶ್ನೆ ನಮಗೆ ಬಂದ ದಾರಿ ಅದರಲ್ಲಿದೆ. 1834ರಲ್ಲಿ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದಾಗ ಅವರೊಂದಿಗೆ, ಒಬ್ಬೊಬ್ಬರ ಮಾನಸಾಂತರಕ್ಕೆ ಒತ್ತು ಕೊಡುವ ಜರ್ಮನಿಯ ಭಕ್ತಿಪಂಥದ (ಪಯಟಿಸಂ) ಒಂದು ದೊಡ್ಡ ಜಗಳವೂ ಬಂದಿತ್ತು. ಆ ಪಂಥದ ಫ್ರಾಂಕೆ ಎಂಬವರು 1687ರಲ್ಲಿ ಕಠಿಣವಾದ ಒಳಹೋರಾಟವನ್ನು ದಾಟಿ ಮಾನಸಾಂತರ ಹೊಂದಿದ್ದರು. ಅವರ ಹಾಲೆ ಪಟ್ಟಣದ ಬಳಗದಲ್ಲಿ ಅಂಥ ಪಶ್ಚಾತ್ತಾಪದ ಹೋರಾಟ ಹೊಸ ಜನ್ಮದ ಹೆರಿಗೆಬೇನೆ ಇದ್ದ ಹಾಗೆ, ಅದನ್ನು ತಪ್ಪಿಸಿಕೊಂಡು ಹುಟ್ಟಲಾಗದು ಎಂಬ ಭಾವನೆ ಬೇರೂರಿತು. ಅದೇ ಬಳಗದಲ್ಲಿ ಓದಿ ಬೆಳೆದ ಸಿನ್‌ಜೆನ್‌ಡಾರ್ಫ್ ಇದನ್ನು ಒಪ್ಪಲಿಲ್ಲ. ಬೇನೆ ಪಟ್ಟದ್ದು ಕ್ರಿಸ್ತನು, ನಾವು ಆತನನ್ನು ನೋಡಿದರೆ ಸಾಕು ಎಂಬುದು ಅವರ ಒಲವಾಗಿತ್ತು.

ನನ್ನ ಅಜ್ಜಿಯ ಬಾಯಲ್ಲಿ ಮಾತ್ರ ಇವೆರಡೂ ಒಟ್ಟಿಗೇ ಇದ್ದವು. ನಾವು ತಪ್ಪು ಮಾಡಿದರೆ ಮೊದಲು ಮೊಣಕಾಲೂರಿಸುತ್ತಿದ್ದರು. ಅರ್ಧ ನಿಮಿಷವಾಗುವುದರೊಳಗೆ, ಸಾಕು, ಏಳು, ಶಿಲುಬೆ ನಿನ್ನ ಮೊಣಕಾಲಿನದಲ್ಲ ಎಂದು ಎಬ್ಬಿಸುತ್ತಿದ್ದರು.

ಎಚ್ಚರದ ದೀಪ, ಬೆಳಿಗ್ಗೆ 8:15

ಅಜ್ಜಿಯವರ ಮಾತು ಚೆನ್ನಾಗಿದೆ, ಆದರೆ ಅವರು ಮೊದಲು ಮೊಣಕಾಲೂರಿಸಿದರು ಎಂಬುದನ್ನು ಮರೆಯಬೇಡಿರಿ.

ಶರಣರ ಮನೆಯವನು, ಬೆಳಿಗ್ಗೆ 9:40

ನಾನು ಕ್ರೈಸ್ತನಲ್ಲ, ಆದರೆ ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಮೊದಲಿಗೆ ಒಂದು ಪದದ ಸಂದೇಹ. ನೀವು ‘ಪುನರ್ಜನ್ಮ’ ಎನ್ನದೆ ‘ಹೊಸದಾಗಿ ಹುಟ್ಟುವುದು’ ಎಂದೇ ಬರೆಯುತ್ತಿರುವುದು ಸತ್ತ ಮೇಲಿನ ಜನ್ಮವೆಂದು ಯಾರೂ ತಿಳಿಯದಿರಲಿ ಎಂದೇ? ಎರಡನೆಯದಾಗಿ, ನಮ್ಮಲ್ಲಿಯೂ ಇದಕ್ಕೆ ಹತ್ತಿರದ ಮಾತಿದೆ. ಲಿಂಗದೀಕ್ಷೆಯಿಂದ ಪೂರ್ವಾಶ್ರಯ ಕಳೆದು ಮನುಷ್ಯನು ‘ಪುನರ್ಜಾತ’ನಾಗುತ್ತಾನೆ, ಮಾಂಸಪಿಂಡವು ಮಂತ್ರಪಿಂಡವಾಗುತ್ತದೆ ಎಂದು ಶರಣರು ಹೇಳಿದ್ದಾರೆ. ಹಾಗಿದ್ದರೂ ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಮರ್ಕಟಕ್ಕೆ ಹೋಲಿಸಿ ಗೋಳಾಡಿದ್ದುಂಟು. ದೀಕ್ಷೆಯಾದ ಮೇಲೂ ಮನಸ್ಸು ಮರ್ಕಟವಾಗಿಯೇ ಇರುವುದು ನಿಮ್ಮೊಬ್ಬರ ಸಂಕಟವಲ್ಲವೆಂದು ತೋರುತ್ತದೆ.

ಸೆಮಿನರಿಯ ಹುಡುಗ, ಬೆಳಿಗ್ಗೆ 10:05

ನಿಮ್ಮ ಊಹೆ ಸರಿ. ತೀತನಿಗೆ ಬರೆದ ಪತ್ರಿಕೆಯ 3:5ರಲ್ಲಿ ನಮ್ಮ ಹಳೆಯ ಸತ್ಯವೇದ ‘ಪುನರ್ಜನ್ಮ’ ಎಂಬ ಪದವನ್ನೇ ಬಳಸಿದೆ, ಆದರೆ ಕೂಟಗಳಲ್ಲಿ ಆ ಪದ ಕೇಳಿಬರುವುದು ಕಡಿಮೆ. ಇನ್ನೊಂದು ವಿಷಯ: ಯೋಹಾನ 3ರಲ್ಲಿ ಯೇಸು ನಿಕೊದೇಮನಿಗೆ ಹೇಳುವ ಗ್ರೀಕ್ ಪದಕ್ಕೆ ‘ಮತ್ತೊಮ್ಮೆ’ ಎಂಬ ಅರ್ಥವೂ ಇದೆ, ‘ಮೇಲಿನಿಂದ’ ಎಂಬ ಅರ್ಥವೂ ಇದೆ. ನಿಕೊದೇಮನು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು, ಮುದುಕನಾದವನು ತಾಯಿಯ ಗರ್ಭವನ್ನು ಮತ್ತೆ ಹೊಕ್ಕುವುದು ಹೇಗೆಂದು ಕೇಳಿದ. ನಾವೂ ಹಲವು ಬಾರಿ ‘ಮತ್ತೊಮ್ಮೆ’ಯನ್ನು ಹಿಡಿದುಕೊಂಡು ‘ಮೇಲಿನಿಂದ’ ಎಂಬುದನ್ನು ಬಿಟ್ಟುಬಿಡುತ್ತೇವೆ. ಯಾವ ತಾರೀಖು, ಯಾವ ಶಿಬಿರ ಎಂದು ಕೇಳುತ್ತೇವೆಯೇ ಹೊರತು ಯಾರಿಂದ ಹುಟ್ಟಿದ್ದು ಎಂದು ಕೇಳುವುದಿಲ್ಲ.

ರಾತ್ರಿ ಎಚ್ಚರ, ಮಧ್ಯಾಹ್ನ 1:25

ನನಗೆ 23 ವರ್ಷ. ನನ್ನ ಪಾಪ ಯಾವುದೆಂದು ಬರೆಯಲು ನಾಚಿಕೆಯಾಗುತ್ತದೆ. ಮೊಬೈಲಿನದು, ರಾತ್ರಿಯದು ಎಂದರೆ ನಿಮಗೆ ತಿಳಿಯುತ್ತದೆ. ಕೂಟಗಳಲ್ಲಿ ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿರಿ ಎಂದಾಗ ನಾಲ್ಕು ಸಲ ಕೈ ಎತ್ತಿದ್ದೇನೆ. ಪ್ರತಿ ಸಲವೂ ಹಿಂದಿನದು ನಿಜವಾದ ಜನ್ಮವಾಗಿರಲಿಲ್ಲ, ಈ ಸಲದ್ದೇ ನಿಜ ಎಂದುಕೊಂಡೆ. ಎರಡು ವಾರ ಚೆನ್ನಾಗಿರುತ್ತೇನೆ, ಮತ್ತೆ ಬೀಳುತ್ತೇನೆ. ಎಚ್ಚರದ ದೀಪದವರು ಹೇಳುವುದೇ ನಿಜವಾದರೆ ನಾನು ಐದನೆಯ ಸಲ ಕೈ ಎತ್ತಬೇಕೇ?

ಕೋಲಾರದ ಮೆಥಡಿಸ್ಟ್, ಮಧ್ಯಾಹ್ನ 2:10

ಎತ್ತಬೇಡಪ್ಪಾ. ಕೈ ಇಳಿಸು, ಕಾಲು ಚಾಚು. ಏಕೆ ಹೀಗೆಂದೆನೆಂದು ಹೇಳುತ್ತೇನೆ.

ಕಡೆಯ ಭೋಜನದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯುವಾಗ ಪೇತ್ರನು ಮೊದಲು ಬೇಡವೆಂದ. ಆಮೇಲೆ, ಹಾಗಾದರೆ ಕಾಲು ಮಾತ್ರವಲ್ಲ, ಕೈಯನ್ನೂ ತಲೆಯನ್ನೂ ತೊಳೆ ಎಂದ. ಆಗ ಯೇಸು ಹೇಳಿದ್ದು ಯೋಹಾನ 13:10ರಲ್ಲಿದೆ: ಸ್ನಾನ ಮಾಡಿಕೊಂಡವನು ಕಾಲುಗಳನ್ನು ತೊಳೆದುಕೊಂಡರೆ ಸಾಕು. ನಮ್ಮ ಊರಿನಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಬೆಳಿಗ್ಗೆ ಮಿಂದು ಹೊಲಕ್ಕೆ ಹೋದವನು ಸಂಜೆ ಕೆಸರುಗಾಲಿನಲ್ಲಿ ಬಂದರೆ ಹೊಸ್ತಿಲಿನ ಹೊರಗೆ ಇಟ್ಟ ನೀರಿನಿಂದ ಕಾಲು ತೊಳೆದು ಒಳಗೆ ಬರುತ್ತಾನೆ. ಕಾಲಿಗೆ ಕೆಸರು ಅಂಟಿತೆಂದು ಅವನು ಈ ಮನೆಯ ಮಗನೇ ಅಲ್ಲ ಎಂದು ಯಾರೂ ಹೇಳುವುದಿಲ್ಲ. ಮನೆಯ ಮಗನೆಂದು ಕೆಸರುಗಾಲಿನಲ್ಲಿ ಒಳಗೆ ಬರಲೂ ಬಿಡುವುದಿಲ್ಲ. ನೀನು ನಾಲ್ಕು ಸಲ ಹುಟ್ಟಲು ಪ್ರಯತ್ನಿಸಿದ್ದೀಯೆ, ಆದರೆ ಒಂದು ಸಲವೂ ಯಾರೆದುರಿಗೂ ಕಾಲು ಚಾಚಿಲ್ಲ. ನಾಚಿಕೆಯಿಂದ ಬರೆಯಲಾರೆ ಎಂದೆಯಲ್ಲ, ಆ ನಾಚಿಕೆಯೇ ಆ ಪಾಪಕ್ಕೆ ಕತ್ತಲೆ ಒದಗಿಸುವುದು. ನಂಬಿಕೆಯುಳ್ಳ ಒಬ್ಬ ಹಿರಿಯರನ್ನು ಹುಡುಕಿ ಬಾಯಿಬಿಟ್ಟು ಹೇಳು. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿರಿ ಎಂದು ಯಾಕೋಬನು ಬರೆದದ್ದು ನಮಗೂ ಸೇರಿಯೇ. ಮತ್ತು ರಾತ್ರಿ ಮೊಬೈಲನ್ನು ಅಮ್ಮನ ಕೋಣೆಯಲ್ಲಿಡು.

ನಮ್ಮ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರ ವಿಷಯವನ್ನೂ ಹೇಳುತ್ತೇನೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವರ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಎಲ್ಲರೂ ಹೇಳುತ್ತಾರೆ. ಮುಂದಿನ ಜನವರಿ 4ರಂದು, ನಾನು ಈಗ ಕ್ರೈಸ್ತನಲ್ಲ ಎಂದು ಅವರೇ ದಿನಚರಿಯಲ್ಲಿ ಬರೆದುಕೊಂಡರೆಂಬುದನ್ನು ಹೇಳುವವರು ಕಡಿಮೆ. ಎಂಟು ತಿಂಗಳೂ ಆಗಿರಲಿಲ್ಲ! ಹೊಸದಾಗಿ ಹುಟ್ಟಿದವರಲ್ಲಿ ಪಾಪವೇ ಉಳಿದಿರುವುದಿಲ್ಲ ಎಂದು ಬೋಧಿಸುತ್ತಿದ್ದವರನ್ನು ಎದುರಿಸಿ ಅವರು 1763ರಲ್ಲಿ ಒಂದು ಪ್ರಸಂಗವನ್ನೇ ಬರೆದರು: ವಿಶ್ವಾಸಿಯಲ್ಲಿ ಪಾಪ ಉಳಿದಿರುತ್ತದೆ, ಆದರೆ ಆಳುವುದಿಲ್ಲ. ಪ್ರೀತಿಯಲ್ಲಿ ಪೂರ್ಣತೆ ಈ ಲೋಕದಲ್ಲೇ ಸಾಧ್ಯ ಎಂದು ಸಾರಿದವರೂ ಅವರೇ ಎಂಬುದನ್ನು ನೆನಪಿಡಿರಿ. ಉಳಿದಿದೆ ಎನ್ನುವುದು ಅವರಿಗೆ ಕೈಚೆಲ್ಲಿ ಕುಳಿತುಕೊಳ್ಳಲು ಕಾರಣವಾಗಿರಲಿಲ್ಲ.

ಹೆಸರು ಬೇಡ, ಮಧ್ಯಾಹ್ನ 3:48

ನೀವೆಲ್ಲ ವಚನ ಬಲ್ಲವರು, ಚೆನ್ನಾಗಿ ಬರೆಯುತ್ತಿದ್ದೀರಿ. ನಾನು ಏಟು ತಿಂದವಳ ಕಡೆಯಿಂದ ಬರೆಯುತ್ತೇನೆ.

ನನ್ನ ಗಂಡ ರಕ್ಷಣೆ ಹೊಂದಿ 14 ವರ್ಷವಾಯಿತು. ಪ್ರತಿ ವರ್ಷ ಸಭೆಯ ಮುಂದೆ ತಾವು ಬದಲಾದ ಬಗೆಗೆ ಸಾಕ್ಷಿ ಹೇಳುತ್ತಾರೆ, ಹೇಳುವಾಗ ಕಣ್ಣೀರು ಬರುತ್ತದೆ, ಅದು ಸುಳ್ಳು ಕಣ್ಣೀರೂ ಅಲ್ಲ. ಮನೆಗೆ ಬಂದ ಮೇಲೆ ಸಾರಿನಲ್ಲಿ ಉಪ್ಪು ಹೆಚ್ಚಾದರೆ ಕೈ ಎತ್ತುತ್ತಾರೆ. ಮರುದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ, ಕರ್ತನೇ, ನನ್ನ ಶರೀರಭಾವ ನನ್ನನ್ನು ಸೋಲಿಸಿತು ಎಂದು ದೇವರ ಹತ್ತಿರ ಕ್ಷಮೆ ಕೇಳುತ್ತಾರೆ. ಅಡುಗೆಮನೆಯಲ್ಲಿ ನಾನು ಅದನ್ನು ಕೇಳಿಸಿಕೊಳ್ಳುತ್ತಿರುತ್ತೇನೆ. ನನ್ನ ಹತ್ತಿರ ಒಂದು ದಿನವೂ ಕೇಳಿಲ್ಲ. ನಮ್ಮ ಸಭಾಪಾಲಕರಿಗೆ ಹೇಳಿದೆ. ಪೌಲನೇ ಹೋರಾಡಿದನಲ್ಲಮ್ಮಾ, ತಾಳಿಕೋ ಎಂದರು. ರೋಮಾಪುರದವರಿಗೆ ಬರೆದ ಏಳನೆಯ ಅಧ್ಯಾಯವನ್ನು ಕೇಳಿದರೆ ನನಗೆ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದು ನಮ್ಮ ಮನೆಯಲ್ಲಿ ಪಾಪದ ಕಥೆಯಾಗಿ ಉಳಿದಿಲ್ಲ, ಪಾಪಕ್ಕೆ ಕೊಟ್ಟ ಪರವಾನಗಿಯಾಗಿದೆ.

ನೀವು ಹೋರಾಟ ಎನ್ನುತ್ತೀರಿ. ಹೋರಾಟ ನಿಮ್ಮೊಳಗೆ ನಡೆಯುತ್ತದೆ, ಗಾಯ ಇನ್ನೊಬ್ಬರ ಮೈಮೇಲೆ ಆಗುತ್ತದೆ. ಎಚ್ಚರದ ದೀಪದವರ ಮಾತು ಕಠಿಣವೆಂದು ನಿಮಗೆಲ್ಲ ಅನ್ನಿಸಿರಬಹುದು. ಈ ಪುಟದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಅವರ ಮಾತೊಂದೇ.

ಬಾಲಬೋಧಕಿ, ಸಂಜೆ 4:15

ಅಕ್ಕ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನಿಮಗೆ ‘ತಾಳಿಕೋ’ ಎಂದದ್ದು ತಪ್ಪು, ಅದನ್ನು ಸುವಾರ್ತೆಯ ಹೆಸರಿನಲ್ಲಿ ಹೇಳಿದ್ದು ಇನ್ನೂ ದೊಡ್ಡ ತಪ್ಪು. ಸುರಕ್ಷಿತವಾಗಿ ಇರಲು ತವರುಮನೆಯೋ ಬೇರೆ ಆಸರೆಯೋ ಇದ್ದರೆ ಅಲ್ಲಿಗೆ ಹೋಗುವುದು ಅವಿಶ್ವಾಸವಲ್ಲ. 181ಕ್ಕೆ ಕರೆ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಿಮಗೂ ಅನ್ವಯಿಸುತ್ತದೆ, ಸಭೆಯ ಹಿರಿಯರ ಅನುಮತಿ ಅದಕ್ಕೆ ಬೇಕಿಲ್ಲ.

ಎಚ್ಚರದ ದೀಪ, ಸಂಜೆ 5:02

ಸಹೋದರಿ, ನಿಮ್ಮ ಮಾತನ್ನು ಓದಿದ ಮೇಲೆ ಮೊದಲು ಬರೆಯಬೇಕೆಂದಿದ್ದ ವಾದವನ್ನು ಅಳಿಸಿದೆ. ನಾನು 3:9ರ ಮೇಲೆ ಒತ್ತು ಕೊಡುವುದಕ್ಕೆ ಕಾರಣವಿದೆ. ನನ್ನ ತಂದೆಯೂ ಸಾಕ್ಷಿ ಹೇಳುತ್ತಿದ್ದವರು. ಇಷ್ಟು ಸಾಕು.

ಸೆಮಿನರಿಯ ಹುಡುಗ, ಸಂಜೆ 6:30

ಏಳನೆಯ ಅಧ್ಯಾಯ ಪರವಾನಗಿಯಾಗಿದೆ ಎಂಬ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗಲು ಮನಸ್ಸು ಒಪ್ಪಲಿಲ್ಲ. ಅಲ್ಲಿರುವ ‘ನಾನು’ ಯಾರೆಂಬುದು ಹಳೆಯ ವಿವಾದ. ಹಳೆಯ ಗ್ರೀಕ್ ಸಭಾಪಿತೃಗಳಲ್ಲಿ, ಅಂದರೆ ಆದಿಸಭೆಯ ಗುರುಗಳಲ್ಲಿ, ಹೆಚ್ಚಿನವರು, ಅದು ಕೃಪೆಯನ್ನು ಇನ್ನೂ ಅರಿಯದೆ ಧರ್ಮಶಾಸ್ತ್ರದ ಕೆಳಗಿರುವ ಮನುಷ್ಯನ ಸ್ವರವೆಂದು ಓದಿದರು. ಪಾಪಕ್ಕೆ ಮಾರಲ್ಪಟ್ಟವನು ಎಂಬ 7:14, ಪಾಪದಿಂದ ಬಿಡುಗಡೆ ಹೊಂದಿದವರು ಎಂಬ 6:22ರೊಂದಿಗೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದು ಈ ಪಕ್ಷದ ಬಲವಾದ ಪ್ರಶ್ನೆ. ಲತೀನ್ ಸಭಾಪಿತೃವಾದ ಅಗಸ್ಟೀನನೂ ಮೊದಲು ಹಾಗೆಯೇ ಓದಿದ್ದ. ಮನುಷ್ಯನು ಸ್ವಂತ ಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲನೆಂಬ ಪೆಲಾಗಿಯನ ಬೋಧನೆಯ ವಿರುದ್ಧ ವಾದಿಸುತ್ತಿದ್ದ ಕಾಲದಲ್ಲಿ ಅಭಿಪ್ರಾಯ ಬದಲಿಸಿ, ಇದು ಅಪೊಸ್ತಲನಾದ ಪೌಲನದೇ ಸ್ವರ, ಏಕೆಂದರೆ ದೇವರ ನಿಯಮದಲ್ಲಿ ಅಂತರಂಗದಿಂದ ಆನಂದಪಡುವುದು ಹೊಸ ಮನುಷ್ಯನಿಗೆ ಮಾತ್ರ ಸಾಧ್ಯ ಎಂದ. 1515–16ರಲ್ಲಿ ವಿಟೆನ್‌ಬರ್ಗಿನಲ್ಲಿ ಈ ಪತ್ರಿಕೆಯನ್ನು ಪಾಠ ಮಾಡಿದ ಲೂಥರ್ ಅದನ್ನೇ ಮುಂದುವರಿಸಿ, ವಿಶ್ವಾಸಿ ಏಕಕಾಲದಲ್ಲಿ ನೀತಿವಂತನೂ ಹೌದು ಪಾಪಿಯೂ ಹೌದು ಎಂದರು.

ಲೂಥರರ ಈ ಮಾತನ್ನು ಬಹಳ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ಅದಕ್ಕೆ ಅವರು ಕೊಟ್ಟ ಹೋಲಿಕೆ ಒಬ್ಬ ರೋಗಿಯದು. ವೈದ್ಯನು ಗುಣವಾಗುತ್ತದೆಂದು ಮಾತು ಕೊಟ್ಟಿದ್ದಾನೆ. ರೋಗಿ ಇನ್ನೂ ರೋಗಿಯೇ, ಆದರೆ ಆ ಮಾತನ್ನು ನಂಬಿರುವುದರಿಂದ ವೈದ್ಯನು ಬೇಡವೆಂದದ್ದನ್ನು ತಿನ್ನುವುದಿಲ್ಲ, ಹೇಳಿದ ಪಥ್ಯವನ್ನು ಹಿಡಿಯುತ್ತಾನೆ. ನಾನು ಹೇಗೂ ರೋಗಿಯೇ ಎಂದು ನಿಷಿದ್ಧವಾದದ್ದನ್ನೇ ತಿನ್ನುವವನಿಗೆ ಆ ಹೋಲಿಕೆಯಲ್ಲಿ ಸಮಾಧಾನವಿಲ್ಲ. ‘ಹೆಸರು ಬೇಡ’ ಅಕ್ಕನವರ ಮನೆಯಲ್ಲಿ ಓದುತ್ತಿರುವುದು ಪೌಲನ ಏಳನೆಯ ಅಧ್ಯಾಯವಲ್ಲ. ಪೌಲನು ಅಲ್ಲಿ, ಅಯ್ಯೋ, ನನ್ನನ್ನು ಬಿಡಿಸುವವರು ಯಾರು ಎಂದು ಕೂಗುತ್ತಾನೆ. ನನ್ನನ್ನು ತಾಳಿಕೊಳ್ಳಿರಿ ಎಂದು ಯಾರಿಗೂ ಹೇಳುವುದಿಲ್ಲ.

ಬಲ್ಮಠದ ಮೊಮ್ಮಗ, ಸಂಜೆ 7:11

ಇನ್ನೊಂದು ಉದಾಹರಣೆ ಇದಕ್ಕೆ ಹೊಂದುತ್ತದೆ. ಪೇತ್ರನು ಕೋಳಿ ಕೂಗುವ ಮುಂಚೆ ಹೆದರಿ, ಯೇಸುವನ್ನು ಅರಿಯೆನೆಂದು ಹೇಳಿ ಬಿದ್ದದ್ದನ್ನು ನಾವು ಹೇಳುತ್ತಲೇ ಇರುತ್ತೇವೆ. ಆದರೆ ಪವಿತ್ರಾತ್ಮನು ಇಳಿದು ಬಂದು ಎಷ್ಟೋ ಕಾಲವಾದ ಮೇಲೆ ಅಂತಿಯೋಕ್ಯದಲ್ಲಿ ಅದೇ ಪೇತ್ರನು ಜನರಿಗೆ ಹೆದರಿ, ಅನ್ಯಜನರಾದ ವಿಶ್ವಾಸಿಗಳ ಪಂಕ್ತಿಯಿಂದ ಎದ್ದು ಬೇರೆ ಕುಳಿತದ್ದನ್ನು ಹೇಳುವುದು ಕಡಿಮೆ. ಮತ್ತೆ ಅದೇ ಭಯ! ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಪೌಲನು ಆಗ, ನೀನು ಹುಟ್ಟಿಯೇ ಇಲ್ಲ ಎಂದು ಹೇಳಲಿಲ್ಲ. ಹೋಗಲಿ ಬಿಡು ಎಂದೂ ಹೇಳಲಿಲ್ಲ. ಎಲ್ಲರ ಮುಂದೆ ಮುಖಾಮುಖಿಯಾಗಿ ಎದುರಿಸಿದನು. ಊಟದ ಪಂಕ್ತಿಯಲ್ಲಿ ಕೈಬಿಡಲ್ಪಟ್ಟವರ ಪರವಾಗಿ ಒಬ್ಬನಾದರೂ ನಿಂತನು. ನಮ್ಮ ಸಭೆಗಳಲ್ಲಿ ಅಂಥ ಒಬ್ಬರ ಕೊರತೆಯೇ ದೊಡ್ಡದು.

ರಾತ್ರಿ ಎಚ್ಚರ, ರಾತ್ರಿ 9:20

ಕೋಲಾರದ ಅಂಕಲ್, ಮೊಬೈಲನ್ನು ಅಮ್ಮನ ಕೋಣೆಯಲ್ಲಿಟ್ಟು ಬಂದಿದ್ದೇನೆ. ಇದನ್ನು ಅಕ್ಕನ ಲ್ಯಾಪ್‌ಟಾಪಿನಿಂದ ಬರೆಯುತ್ತಿದ್ದೇನೆ, ಅವಳು ಪಕ್ಕದಲ್ಲೇ ಇದ್ದಾಳೆ. ಹಿರಿಯರಿಗೆ ಇನ್ನೂ ಹೇಳಿಲ್ಲ. ಭಾನುವಾರ ಹೇಳುತ್ತೇನೆ.

ಮಲಪ್ರಭೆ, ಬುಧವಾರ ರಾತ್ರಿ 10:40

ಎಲ್ಲವನ್ನೂ ಓದಿದೆ. ‘ಹೆಸರು ಬೇಡ’ ಸಹೋದರಿಯವರ ಬರಹವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಈ ಕೈ ಯಾರದು ಎಂದು ಕೇಳಿದ್ದೆ. ಆ ಪ್ರಶ್ನೆ ಪ್ರಾಮಾಣಿಕವೆಂದು ನಂಬಿದ್ದೆ. ಅದರೊಳಗೆ, ನನ್ನದಲ್ಲ ಎಂದು ಯಾರಾದರೂ ಹೇಳಲಿ ಎಂಬ ಆಸೆ ಅಡಗಿತ್ತೆಂದು ಈಗ ತಿಳಿಯುತ್ತಿದೆ. ಕೈ ನನ್ನದು.

ನಿನ್ನೆ ರಾತ್ರಿ ಮಗನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ನಿನ್ನ ತಪ್ಪೇನೂ ಇರಲಿಲ್ಲ, ನಾನು ಮೂರು ಸಲ ಹೊಡೆದೆ, ಅದು ಪಾಪ, ನನ್ನನ್ನು ಕ್ಷಮಿಸುತ್ತೀಯಾ ಎಂದು ಕೇಳಿದೆ. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಅಪ್ಪಾ, ಭಾನುವಾರ ಓದುವಾಗ ನೀವು ನಿಂತದ್ದು ನನ್ನನ್ನು ನೋಡಿಯೇ ಎಂದು ಕೇಳಿದ. ಹೌದು ಎಂದೆ. ನನಗೆ ಗೊತ್ತಾಗಿತ್ತು ಎಂದ. ಕ್ಷಮಿಸಿದ್ದೇನೆಂದು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಇವತ್ತು ನಮ್ಮ ಸಭೆಯ ಅಯ್ಯನವರನ್ನು ಕಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಕೈ ಕುಲುಕಿದ ಇಬ್ಬರಿಗೂ ಫೋನ್ ಮಾಡಿ ಹೇಳಿದೆ. ವಾರಕ್ಕೊಮ್ಮೆ ಅಯ್ಯನವರ ಮುಂದೆ ಕುಳಿತು ಆ ವಾರದ ಲೆಕ್ಕ ಒಪ್ಪಿಸುವುದೆಂದೂ, ಕೋಪದ ವಿಷಯಕ್ಕೆ ಆಪ್ತಸಮಾಲೋಚಕರೊಬ್ಬರನ್ನು ನೋಡುವುದೆಂದೂ ಮಾತಾಗಿದೆ.

ಈ ರಾತ್ರಿ ಊಟಕ್ಕೆ ಕುಳಿತೆವು. ನಾನು ಕಾಗದಗಳನ್ನು ಬೇರೆ ಕೋಣೆಯಲ್ಲೇ ಬಿಟ್ಟು ಬಂದಿದ್ದೆ. ಆದರೂ ಮಗ ಕುಳಿತುಕೊಳ್ಳುವ ಮುಂಚೆ ನೀರಿನ ತಂಬಿಗೆಯನ್ನು ಎತ್ತಿ, ನನಗೂ ತನಗೂ ಎಟುಕದಷ್ಟು ದೂರ, ಗೋಡೆಯ ಪಕ್ಕದಲ್ಲಿಟ್ಟು ಬಂದ.

ಹೆಸರು ಬೇಡ, ರಾತ್ರಿ 11:05

ಅದನ್ನು ಹತ್ತಿರ ಇಡು ಎಂದು ಅವನಿಗೆ ಹೇಳಬೇಡಿ. ನೀರು ಬೇಕಾದಾಗ ನೀವೇ ಎದ್ದು ಹೋಗಿ ಅವನ ಲೋಟಕ್ಕೂ ಹಾಕಿರಿ. ನಾನು ನಾಳೆ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಡುತ್ತಿದ್ದೇನೆ. ಬಾಲಬೋಧಕಿ ಅಕ್ಕನವರು ನನಗಾಗಿ ಪ್ರಾರ್ಥಿಸಬೇಕು.